ಕಡಿಮೆ ಓದಿ, ಓದಿದಂತೆ ಅಂದೇ ನಡೆಯಿರಿ

ಒಂದು ವರ್ಷದಲ್ಲಿ ಸತ್ಯವೇದವನ್ನು, ಅಂದರೆ ಬೈಬಲನ್ನು, ಓದಿ ಮುಗಿಸಬೇಕೆಂದು ನಾನು ಹಿಂದೊಮ್ಮೆ ಹಟ ಹಿಡಿದಿದ್ದೆ. ನನ್ನ ಕೈಯಲ್ಲಿದ್ದ ಪ್ರತಿಯಲ್ಲಿ 66 ಪುಸ್ತಕಗಳು, 1,189 ಅಧ್ಯಾಯಗಳು; ದಿನಕ್ಕೆ ಮೂರೋ ನಾಲ್ಕೋ ಅಧ್ಯಾಯ ಓದಿದರೆ ಲೆಕ್ಕ ಸರಿಹೋಗುತ್ತಿತ್ತು. ಡಿಸೆಂಬರ್ ಕೊನೆಗೆ ಪಟ್ಟಿಯ ತುಂಬ ಗುರುತುಗಳು ಬಿದ್ದಿದ್ದವು. ಆದರೆ ಮನೆಯವರೊಂದಿಗೆ ನಾನು ಮಾತನಾಡುವ ರೀತಿಯಾಗಲಿ, ಕಷ್ಟ ಬಂದಾಗ ಕಂಗೆಡುವ ಸ್ವಭಾವವಾಗಲಿ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಹೊಸದಾಗಿ ನಂಬಿಕೆಗೆ ಬಂದವರು ಹೇಗೆ ಬೆಳೆಯಬೇಕೆಂದು ಕೇಳಿದರೆ ಈಗ ನಾನು ಹೇಳುವುದು ಇಷ್ಟೇ: ಕಡಿಮೆ ಓದಿ, ನಿಧಾನವಾಗಿ ಓದಿ, ಓದಿದಂತೆ ಅಂದೇ ನಡೆಯಿರಿ.

ಮಾರ್ಕನಿಂದ ಆರಂಭಿಸಿ

ಮೊದಲ ಪುಸ್ತಕವಾದ ಆದಿಕಾಂಡದಿಂದ ಹೊರಟು ಮೂರನೆಯದಾದ ಯಾಜಕಕಾಂಡದಲ್ಲಿ ನಿಂತುಹೋದವರು ಅನೇಕರು. ಆದ್ದರಿಂದ ಮೊದಲು ಯೇಸುವನ್ನು ನೋಡಿ. ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆಯಲ್ಲಿ ಇರುವುದು 16 ಅಧ್ಯಾಯಗಳು ಮಾತ್ರ. ಒಂದು ಬಿಡುವಿನ ದಿನ ಎಲ್ಲವನ್ನೂ ಒಂದೇ ಬಾರಿಗೆ ಕಥೆಯಂತೆ ಓದಿಬಿಡಿ. ಮರುದಿನದಿಂದ ದಿನಕ್ಕೆ ಒಂದೇ ಪ್ರಸಂಗ ಸಾಕು. ಒಂದು ನೋಟ್‌ಪುಸ್ತಕ, ಒಂದು ಪೆನ್ನು ಜೊತೆಗಿರಲಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ.

ಒಂದೇ ಭಾಗವನ್ನು ಮೂರು ಸಲ ಓದಿ

ಮೊದಲು ಪ್ರಾರ್ಥನೆ. "ಕರ್ತನೇ, ನನ್ನ ಕಣ್ಣು ತೆರೆ" ಎಂದರೂ ಸಾಕು. ಬಳಿಕ ಆ ಭಾಗವನ್ನು ಒಂದು ಸಲ ಗಟ್ಟಿಯಾಗಿ ಓದಿ. ಎರಡನೆಯ ಸಲ, ಯಾರು ಏನು ಹೇಳಿದರು, ಏನು ಮಾಡಿದರು ಎಂಬುದನ್ನಷ್ಟೇ ಬರೆದುಕೊಳ್ಳಿ. ಅರ್ಥ ಹೇಳಲು ಅವಸರಪಡಬೇಡಿ. ಮೂರನೆಯ ಸಲ, ಹಿಂದುಮುಂದಿನ ಪ್ರಸಂಗಗಳ ಜೊತೆ ಇಟ್ಟು ಓದಿ. ನನ್ನ ಅನುಭವದಲ್ಲಿ ಜ್ಞಾನ ತೆರೆದುಕೊಳ್ಳುವುದು ಇಲ್ಲಿಯೇ.

ಮಾರ್ಕನ 10ನೆಯ ಅಧ್ಯಾಯವನ್ನೇ ನೋಡಿ. ಯೆರಿಕೋವಿನ ದಾರಿ ಬದಿಯಲ್ಲಿ ಕುಳಿತು ಭಿಕ್ಷೆ ಬೇಡುವ ಕುರುಡ ಬಾರ್ತಿಮಾಯ ಯೇಸುವನ್ನು ಕೂಗುತ್ತಾನೆ. ಜನರು ಗದರಿಸಿದಷ್ಟೂ ಅವನ ಕೂಗು ಹೆಚ್ಚುತ್ತದೆ. ಯೇಸು ನಿಂತು, ನಾನು ನಿನಗೆ ಏನು ಮಾಡಬೇಕು ಎಂದು ಕೇಳುತ್ತಾನೆ. ಇಷ್ಟನ್ನೇ ಓದಿದರೂ ಮನಸ್ಸು ತುಂಬುತ್ತದೆ. ಆದರೆ ಸ್ವಲ್ಪ ಹಿಂದಕ್ಕೆ ಹೋಗಿ: ಅದೇ ಪ್ರಶ್ನೆಯನ್ನು ಯೇಸು ಆಗಲೇ ತನ್ನ ಶಿಷ್ಯರಾದ ಯಾಕೋಬ ಮತ್ತು ಯೋಹಾನರಿಗೆ ಕೇಳಿದ್ದಾನೆ. ಆ ಶಿಷ್ಯರು ಬೇಡಿದ್ದು ಮಹಿಮೆಯಲ್ಲಿ ಅವನ ಎಡಬಲದ ಸ್ಥಾನಗಳನ್ನು. ಕುರುಡನು ಬೇಡಿದ್ದು ಕಣ್ಣನ್ನು. ಇನ್ನೂ ಹಿಂದೆ ಒಬ್ಬ ಐಶ್ವರ್ಯವಂತನು ಆಸ್ತಿಯನ್ನು ಬಿಡಲಾರದೆ ದುಃಖದಿಂದ ಹೊರಟುಹೋಗಿದ್ದಾನೆ. ಬಾರ್ತಿಮಾಯನೋ ಕರೆ ಕೇಳಿದೊಡನೆ ತನ್ನ ಮೇಲುಹೊದಿಕೆಯನ್ನು ಬಿಸುಟು ಎದ್ದು ಬರುತ್ತಾನೆ, ಕಣ್ಣು ಬಂದ ಮೇಲೆ ಯೇಸುವಿನ ಹಿಂದೆಯೇ ನಡೆಯುತ್ತಾನೆ. ಇದನ್ನು ಮೊದಲ ಬಾರಿ ಗಮನಿಸಿದ ದಿನ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಈ ಪ್ರಶ್ನೆ ನನ್ನ ಮುಂದೆ ಬಂದರೆ ನನ್ನ ಉತ್ತರ ಯಾರದ್ದು, ಶಿಷ್ಯರದ್ದೋ ಕುರುಡನದ್ದೋ?

ಅಂದೇ ಒಂದು ಕೆಲಸ ಮಾಡಿ

ವಾಕ್ಯವನ್ನು ಕೇಳಿ ಅದರಂತೆ ನಡೆಯದವನು ಕನ್ನಡಿಯಲ್ಲಿ ಮುಖ ನೋಡಿಕೊಂಡು, ಆ ಕಡೆ ಹೋದೊಡನೆ ತಾನು ಹೇಗಿದ್ದೆನೆಂಬುದನ್ನು ಮರೆಯುವವನಂತೆ ಎನ್ನುತ್ತಾನೆ ಸತ್ಯವೇದದಲ್ಲಿರುವ ತನ್ನ ಪತ್ರದಲ್ಲಿ ಯಾಕೋಬ (ಮೇಲೆ ಹೇಳಿದ ಶಿಷ್ಯನಲ್ಲ, ಅದೇ ಹೆಸರಿನ ಇನ್ನೊಬ್ಬ). ಹಾಗಾಗಿ ಓದು ಮುಗಿದಾಗ ನೋಟ್‌ಪುಸ್ತಕದ ಕೊನೆಯ ಸಾಲಿನಲ್ಲಿ ಇಂದು ಮಾಡುವ ಒಂದು ಕೆಲಸವನ್ನು ಬರೆಯಿರಿ. 'ಎಲ್ಲರನ್ನೂ ಪ್ರೀತಿಸಬೇಕು' ಎಂದು ಬರೆದರೆ ಏನೂ ಆಗುವುದಿಲ್ಲ. 'ಮಾತು ಬಿಟ್ಟಿರುವ ತಮ್ಮನಿಗೆ ಸಂಜೆ ಫೋನ್ ಮಾಡುತ್ತೇನೆ' ಎಂದು ಬರೆಯಿರಿ. ರಾಜಿಮಾಡಿಕೊಳ್ಳುವ ಮಾತು ಬಂದಾಗ ಯೇಸು ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗೆಂದು ಹೇಳಿದನಲ್ಲವೇ?

ಪೇತ್ರನ ಎರಡನೆಯ ಪತ್ರದ ಮೊದಲ ಅಧ್ಯಾಯದಲ್ಲಿ ಒಂದು ಸರಪಳಿ ಇದೆ: ನಂಬಿಕೆಗೆ ಸದ್ಗುಣ, ಸದ್ಗುಣಕ್ಕೆ ಜ್ಞಾನ, ಜ್ಞಾನಕ್ಕೆ ದಮೆ (ಆತ್ಮಸಂಯಮ), ದಮೆಗೆ ತಾಳ್ಮೆ, ತಾಳ್ಮೆಗೆ ಭಕ್ತಿ, ಭಕ್ತಿಗೆ ಸಹೋದರಸ್ನೇಹ, ಅದಕ್ಕೆ ಪ್ರೀತಿ. ಜ್ಞಾನ ಇಲ್ಲಿ ನಡುವಿನ ಒಂದು ಕೊಂಡಿ, ಕೊನೆಯದಲ್ಲ. ವಚನಗಳನ್ನು ಬಾಯಿಪಾಠ ಮಾಡಿ ವಾದದಲ್ಲಿ ಗೆಲ್ಲುವವರನ್ನು ನೋಡಿದಾಗಲೆಲ್ಲ ನನಗೆ ಈ ಸರಪಳಿ ನೆನಪಾಗುತ್ತದೆ.

ಒಬ್ಬರೇ ಓದಬೇಡಿ

ಮೊದಲ ವಿಶ್ವಾಸಿಗಳ ಕಥೆ ಹೇಳುವ 'ಅಪೊಸ್ತಲರ ಕೃತ್ಯಗಳು' ಪುಸ್ತಕದಲ್ಲಿ, ರಥದಲ್ಲಿ ಕುಳಿತು ಪ್ರವಾದಿ ಯೆಶಾಯನ ಗ್ರಂಥವನ್ನು ಓದುತ್ತಿದ್ದ ಐಥಿಯೋಪ್ಯದ ಅಧಿಕಾರಿಗೆ ಅರ್ಥ ಹೇಳಲು ಸುವಾರ್ತೆ ಸಾರುತ್ತಿದ್ದ ಫಿಲಿಪ್ಪನು ಬೇಕಾಯಿತು. ನಿಮಗೂ ಒಬ್ಬ ಹಿರಿಯ ವಿಶ್ವಾಸಿ ಬೇಕು. ವಾರಕ್ಕೊಮ್ಮೆ ಭೇಟಿಯಾಗಿ ನಿಮ್ಮ ಪ್ರಶ್ನೆಗಳನ್ನು ಅವರ ಮುಂದಿಡಿ. ಹಾಗೆಂದು ಕೇಳಿದ್ದನ್ನೆಲ್ಲ ಹಾಗೆಯೇ ಒಪ್ಪಬೇಕಿಲ್ಲ. ಬೆರೋಯ ಎಂಬ ಊರಿನವರು ಸ್ವತಃ ಅಪೊಸ್ತಲ ಪೌಲನ ಬೋಧನೆಯನ್ನೂ ದಿನದಿನವೂ ಶಾಸ್ತ್ರಗ್ರಂಥಗಳಲ್ಲಿ ಪರೀಕ್ಷಿಸಿ ನೋಡಿದರು. ಅದೇ ಪುಸ್ತಕ ಅವರನ್ನು ಅದಕ್ಕಾಗಿಯೇ ಹೊಗಳುತ್ತದೆ.

ಮನಸ್ಸು ಬರಡಾದಾಗ

ಅಂಥ ದಿನಗಳು ಬಂದೇ ಬರುತ್ತವೆ. ಪ್ರಾರ್ಥನೆಗೆ ಮಾತು ಹೊರಡುವುದಿಲ್ಲ, ನಂಬಿದ್ದೆಲ್ಲ ಸುಳ್ಳೇನೋ ಎನಿಸುತ್ತದೆ. ಆಗ ಸತ್ಯವೇದದ ಕೀರ್ತನೆಗಳ ಪುಸ್ತಕದಲ್ಲಿರುವ 13ನೆಯ ಕೀರ್ತನೆಯನ್ನು ನಿಮ್ಮದೇ ಪ್ರಾರ್ಥನೆಯಾಗಿ ಓದಿ. ಆರೇ ವಚನಗಳ ಆ ಕೀರ್ತನೆ ಆರಂಭದಲ್ಲಿಯೇ 'ಎಷ್ಟರವರೆಗೆ' ಎಂದು ನಾಲ್ಕು ಸಲ ದೇವರನ್ನು ಕೇಳುತ್ತದೆ. ಮಾರ್ಕನ 9ನೆಯ ಅಧ್ಯಾಯದಲ್ಲಿ, ದೆವ್ವ ಹಿಡಿದು ನರಳುವ ಮಗನನ್ನು ಯೇಸುವಿನ ಬಳಿಗೆ ಕರೆತಂದ ತಂದೆಯೂ ನಂಬುತ್ತೇನೆಂದು ಹೇಳಿದ ಉಸಿರಿನಲ್ಲಿಯೇ ತನ್ನ ಅಪನಂಬಿಕೆಗೆ ಸಹಾಯ ಬೇಡಿದ. ಯೇಸು ಅವನನ್ನು ಗದರಿಸಲಿಲ್ಲ, ಮಗನನ್ನು ಗುಣಪಡಿಸಿದನು.

ಸಂದೇಹವಿದ್ದರೂ ಸಭೆಗೆ (ಚರ್ಚಿಗೆ) ಹೋಗುವುದನ್ನು ನಿಲ್ಲಿಸಬೇಡಿ. ಯೇಸು ಸತ್ತು ಎದ್ದುಬಂದದ್ದನ್ನು ಕಣ್ಣಾರೆ ಕಾಣದೆ ನಂಬುವುದಿಲ್ಲ ಎಂದಿದ್ದ ಶಿಷ್ಯ ತೋಮನು ಎಂಟು ದಿನಗಳಾದ ಮೇಲೂ ಉಳಿದ ಶಿಷ್ಯರ ಜೊತೆಯಲ್ಲಿಯೇ ಇದ್ದನು, ಕರ್ತನು ಅವನನ್ನು ಕಂಡದ್ದು ಅವರೆಲ್ಲ ಕೂಡಿದ್ದ ಆ ಮನೆಯಲ್ಲಿ.

ಓದು ನಡುವೆ ಕೆಲವು ದಿನ ತಪ್ಪಿದರೆ ಬಾಕಿಯನ್ನು ಒಟ್ಟಿಗೆ ತೀರಿಸಲು ಹೋಗಬೇಡಿ; ನಿಲ್ಲಿಸಿದಲ್ಲಿಂದ ಮುಂದಿನ ಒಂದೇ ಪ್ರಸಂಗವನ್ನು ತೆಗೆದುಕೊಳ್ಳಿ. ಆರು ತಿಂಗಳಾದ ಮೇಲೆ ನೋಟ್‌ಪುಸ್ತಕದ ಮೊದಲ ಪುಟಗಳನ್ನು ತಿರುವಿ ನೋಡಿ. ಉತ್ತರ ಸಿಕ್ಕಿದ ಪ್ರಶ್ನೆಗಳ ಪಕ್ಕದಲ್ಲಿ ದಿನಾಂಕ ಹಾಕಿ, ಉಳಿದವುಗಳನ್ನು ಹೊಸ ಪುಟಕ್ಕೆ ಬರೆದುಕೊಳ್ಳಿ.