ಕ್ಲೌಡ್ ಸರ್ವರ್‌ಗೂ ಔಟ್‌ಟರ್ನ್ ನೋಡಿ

ಕಾಫಿ ಮೂಟೆ ಮಾರುವಾಗ ವ್ಯಾಪಾರಿ ನಮ್ಮ ಬಾಯಿಮಾತು ನಂಬುವುದಿಲ್ಲ. ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಕ ಮಾಡಿ, ಔಟ್‌ಟರ್ನ್ (ಅಂದರೆ ಸಿಪ್ಪೆ ಹೋಗಿ ಕೈಗೆ ಸಿಗುವ ಬೇಳೆಯ ಪ್ರಮಾಣ) ಎಷ್ಟು ಅಂತ ನೋಡಿದ ಮೇಲೇ ರೇಟು. ಅದೇ ನಾವು, ಇಂಟರ್ನೆಟ್ ಮೂಲಕ ಸರ್ವರ್ ಬಾಡಿಗೆಗೆ ಕೊಡುವ ಕ್ಲೌಡ್ ಕಂಪನಿ ‘2 ವಿಸಿಪಿಯು’ (ವರ್ಚುವಲ್ ಸಿಪಿಯು, ನಮ್ಮ ಪಾಲಿಗೆ ಬರುವ ಪ್ರೊಸೆಸರ್ ಲೆಕ್ಕ) ಎಂದರೆ ಸುಮ್ನೆ ದುಡ್ಡು ಕಟ್ಟುತ್ತೇವೆ. ನಾನೂ ಕಟ್ಟಿದ್ದೆ. ಚಿಕ್ಕಮಗಳೂರಿನ ನಮ್ಮ ಹೋಂಸ್ಟೇ ಬುಕಿಂಗ್ ಸೈಟು ವಾರವೆಲ್ಲ ಚೆನ್ನಾಗಿಯೇ ಓಡಿ, ಬೆಂಗಳೂರಿನವರು ಮುಳ್ಳಯ್ಯನಗಿರಿಗೆ ಹೊರಡುವ ಶುಕ್ರವಾರ ಸಂಜೆಗೆ ಸರಿಯಾಗಿ ಮಲಗುತ್ತಿತ್ತು.

ಮೊದಲು ಏನು ಕೊಡುತ್ತೇವೆ ಎಂದಿದ್ದಾರೆ, ಸರಿಯಾಗಿ ಓದಿ. ಇಂಟೆಲ್ ಯಂತ್ರಗಳಲ್ಲಿ ಒಂದು ವಿಸಿಪಿಯು ಎಂದರೆ ಸಾಮಾನ್ಯವಾಗಿ ಪ್ರೊಸೆಸರ್‌ನ ಪೂರ್ತಿ ಕೋರ್ (ಕೆಲಸ ಮಾಡುವ ಘಟಕ) ಅಲ್ಲ, ಅದು ಒಟ್ಟಿಗೆ ನಡೆಸುವ ಎರಡು ಥ್ರೆಡ್‌ಗಳಲ್ಲಿ, ಅಂದರೆ ಕೆಲಸದ ಸಾಲುಗಳಲ್ಲಿ, ಒಂದು. ಅಗ್ಗದ ಯಂತ್ರಗಳ ಕಥೆ ಇನ್ನೂ ಬೇರೆ. ಅಮೆಜಾನ್‌ನ ಟಿ3 ಮೈಕ್ರೋದಲ್ಲಿ 2 ವಿಸಿಪಿಯು ಇದ್ದರೂ ಪ್ರತಿಯೊಂದಕ್ಕೂ ಕಾಯಂ ಸಿಗುವುದು ಶೇ 10 ಮಾತ್ರ; ಅದಕ್ಕಿಂತ ಜಾಸ್ತಿ ಬಳಸಿದರೆ ಕಡಿಮೆ ಬಳಸಿದಾಗ ಕೂಡಿಟ್ಟ ಕ್ರೆಡಿಟ್ ಕರಗುತ್ತದೆ, ಅದೂ ಮುಗಿದರೆ ನಿಮ್ಮ ಸೆಟ್ಟಿಂಗ್ ನೋಡಿಕೊಂಡು ಒಂದೋ ವೇಗ ಬೀಳುತ್ತದೆ, ಇಲ್ಲ ಬಿಲ್ ಏರುತ್ತದೆ.

ಆಮೇಲೆ ಲಿನಕ್ಸ್‌ನಲ್ಲಿ ‘ಟಾಪ್’ ಓಡಿಸಿ, ಸಿಪಿಯು ಸಾಲಿನ ಕೊನೆಯ ‘ಎಸ್‌ಟಿ’ ನೋಡಿ. ಸ್ಟೀಲ್, ಅಂದರೆ ಕದ್ದ ಸಮಯ! ನಿಮ್ಮ ಕೆಲಸ ಸಾಲಲ್ಲಿ ನಿಂತಿದ್ದರೂ ನಿಮ್ಮ ಬಾಡಿಗೆ ಯಂತ್ರವನ್ನು ಹೊತ್ತ ಅಸಲಿ ಸರ್ವರ್ ಸಿಪಿಯು ಕೊಡದ ಹೊತ್ತಿನ ಶೇಕಡಾ ಲೆಕ್ಕ ಅದು. ಒಂದೆರಡಿದ್ದರೆ ಬಿಡಿ. ಗಂಟೆಗಟ್ಟಲೆ ಹತ್ತರ ಮೇಲಿದ್ದರೆ ನಾನಂತೂ ಸುಮ್ಮನಿರುವುದಿಲ್ಲ.

ಸಿಪಿಯು ಅಳೆಯಲು ‘ಸಿಸ್‌ಬೆಂಚ್’ ಸಾಕು. ಆದರೆ ಹತ್ತು ಸೆಕೆಂಡ್ ಓಡಿಸಿ ಖುಷಿಪಡಬೇಡಿ, ಅದು ಮೂಟೆಯ ಬಾಯಲ್ಲಿರುವ ಒಳ್ಳೇ ಕಾಳು ನೋಡಿದ ಹಾಗೆ. ಅರ್ಧ ಗಂಟೆ ಓಡಿಸಿ, ಬೇರೆ ಬೇರೆ ದಿನ, ಮುಖ್ಯವಾಗಿ ನಿಮಗೆ ಗಿರಾಕಿ ಬರುವ ಹೊತ್ತಿನಲ್ಲಿ. ಪರೀಕ್ಷೆಗೆ ಅದೇ ನಮೂನೆಯ ಇನ್ನೊಂದು ಯಂತ್ರ ಬಾಡಿಗೆಗೆ ಹಿಡಿಯಿರಿ, ಗಂಟೆ ಲೆಕ್ಕದಲ್ಲಿ ಸಿಗುತ್ತದಲ್ವಾ. ಸರಾಸರಿ ಬರೆದಿಟ್ಟರೆ ಸಾಲದು, ಅತಿ ಕೆಟ್ಟ ಅಂಕಿಯನ್ನೂ ಬರೆದಿಡಿ.

ಡಿಸ್ಕ್‌ಗೆ ‘ಫಿಯೊ’. ಅದರಲ್ಲಿ ‘ಡೈರೆಕ್ಟ್’ ಆಯ್ಕೆಯನ್ನು 1 ಮಾಡದಿದ್ದರೆ ನೀವು ಅಳೆಯುವುದು ಡಿಸ್ಕನ್ನಲ್ಲ, ರ‍್ಯಾಮನ್ನು. ಅಮೆಜಾನ್‌ನ ಜಿಪಿ3 ಡಿಸ್ಕ್ ಸೆಕೆಂಡಿಗೆ 3000 ಓದು-ಬರಹ ಕೊಡಬೇಕು, ಆದರೆ ಯಂತ್ರದ್ದೇ ಮಿತಿ ಅದಕ್ಕಿಂತ ಕಡಿಮೆ ಇರಬಹುದು, ಅದನ್ನೂ ನೋಡಿ. ಡೇಟಾ ಇರುವ ಡಿಸ್ಕ್ ಮೇಲೆ ನೇರ ಬರೆಯುವ ಪರೀಕ್ಷೆ ಬೇಡವೇ ಬೇಡ, ಎಲ್ಲ ಅಳಿಸಿಹೋಗುತ್ತದೆ.

ನೆಟ್‌ವರ್ಕ್‌ಗೆ ‘ಐಪರ್ಫ್3’, ಅದೇ ಕ್ಲೌಡ್‌ನ ಎರಡು ಯಂತ್ರಗಳ ನಡುವೆ. ಮನೆಯಿಂದ ಅಳೆದರೆ ಗೊತ್ತಾಗುವುದು ನಮ್ಮ ಮಲೆನಾಡಿನ ಬ್ರಾಡ್‌ಬ್ಯಾಂಡ್ ಹಣೆಬರಹ ಅಷ್ಟೇ.

ಲೆಕ್ಕ ಹಿಡಿದು ದೂರು ಕೊಡುವ ಮುಂಚೆ ಒಪ್ಪಂದ ನೋಡಿ. ಸರ್ವರ್ ಶೇ 99.9 ಹೊತ್ತು ಚಾಲೂ ಇರುತ್ತದೆ ಎಂದರೆ 30 ದಿನದಲ್ಲಿ ಸುಮಾರು 43 ನಿಮಿಷ ಬಂದ್ ಆದರೂ ಅವರ ತಪ್ಪಿಲ್ಲ. ನಿಧಾನವಾಗಿದ್ದು ಬಹಳಷ್ಟು ಒಪ್ಪಂದಗಳಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಎಸ್‌ಟಿ ಜಾಸ್ತಿ ಇದ್ದರೆ ಒಂದು ಉಪಾಯ ಇದೆ: ರೀಬೂಟ್ ಅಲ್ಲ, ಯಂತ್ರವನ್ನು ಪೂರ್ತಿ ನಿಲ್ಲಿಸಿ ಮತ್ತೆ ಶುರು ಮಾಡಿ. ಸಾಮಾನ್ಯವಾಗಿ ಬೇರೆ ಸರ್ವರ್ ಮೇಲೆ ಹೋಗಿ ಕೂರುತ್ತದೆ. ಐಪಿ ವಿಳಾಸ ಬದಲಾಗಬಹುದು, ಅದನ್ನು ಮೊದಲೇ ಕಾಯಂ ಮಾಡಿಕೊಂಡಿರಿ. ಶುಕ್ರವಾರ ಸಂಜೆ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ.