ಕಾಲಿನ ಹೆಬ್ಬೆರಳಲ್ಲಿ ಗೇಮ್ ಸಂಗೀತದ ವಿಮರ್ಶೆ: ನನ್ನ ಅನುಭವ

ನನ್ನ ಮೇಜಿನ ಕೆಳಗೆ ಒಂದು ಹಳೇ ಕೀಬೋರ್ಡ್ ಬಿದ್ದಿದೆ. ಒಂದು ಕೀ ಬಿಟ್ಟು ಅಕ್ಕಪಕ್ಕದ್ದನ್ನೆಲ್ಲ ಕಿತ್ತು ಹಾಕಿದ್ದೇನೆ. ಗೇಮ್ ಆಡುವಾಗ ಬಲಗಾಲಿನ ಹೆಬ್ಬೆರಳು ಅದರ ಮೇಲೇ ಇರುತ್ತದೆ. ಸಂಗೀತ ಗಮನಕ್ಕೆ ಬಂದ ಕ್ಷಣ ಒಂದು ಸಲ ಒತ್ತುತ್ತೇನೆ. 'ಸಾಕಪ್ಪಾ' ಅನ್ನಿಸಿದರೆ ಎರಡು ಸಲ. ಆಟ ಮುಗಿದ ಮೇಲೆ ರೆಕಾರ್ಡಿಂಗ್‌ನಲ್ಲಿ ಆ ಗುರುತುಗಳ ಹತ್ತಿರ ಮಾತ್ರ ಹೋಗಿ ಕೇಳಿ, ವಿಮರ್ಶೆ ಬರೆದು ವಿಡಿಯೋ ಮಾಡುತ್ತೇನೆ.

ಇದನ್ನು ಮೊದಲು ಹೇಳಿದಾಗ ನಮ್ಮ ಗುಂಪಿನವರು ನಕ್ಕರು. ಆಲ್ಬಮ್ ವಿಮರ್ಶೆ ಮಾಡುವ ಗೆಳೆಯನೊಬ್ಬ, "ಸಂಗೀತ ಕಿವೀಲಿ ಕೇಳ್ತಾರೋ ಕಾಲಲ್ಲಿ ಕೇಳ್ತಾರೋ ಮಾರಾಯ?" ಅಂದ. ಹೋದ ತಿಂಗಳು ಅವನೇ ಫೋನ್ ಮಾಡಿ, ಮನೇಲಿ ಬೇಡದ ಕೀಬೋರ್ಡ್ ಇನ್ನೊಂದು ಇದೆಯಾ ಅಂತ ಕೇಳಿದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶುರುವಿನಲ್ಲಿ ನಾನೂ ಎಲ್ಲರ ಹಾಗೆ, ಗೇಮ್‌ನ ಸಂಗೀತವಷ್ಟೇ ಇರುವ ಆಲ್ಬಮ್ ಹಾಕಿಕೊಂಡು ಕೂರುತ್ತಿದ್ದೆ. ಸಾಲಾಗಿ ಕೇಳುವುದು, ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕುವುದು, ಕೊನೆಗೆ ಸರಾಸರಿ ತೆಗೆಯುವುದು. ಮರ್ಯಾದೆ ಹೋದದ್ದು 'ಎಫ್‌ಟಿಎಲ್' ವಿಷಯದಲ್ಲಿ. 2012ರ ಬಾಹ್ಯಾಕಾಶ ಹಡಗಿನ ಗೇಮ್ ಅದು, ಸಂಗೀತ ಬೆನ್ ಪ್ರಂಟಿಯದು. ಆಲ್ಬಮ್‌ನಲ್ಲಿ ಟ್ಯೂನ್‌ಗಳು ಜೋಡಿಜೋಡಿಯಾಗಿ ಇವೆ. ಒಂದಕ್ಕೆ 'ಎಕ್ಸ್‌ಪ್ಲೋರ್' ಅಂತ ಹೆಸರು, ಇನ್ನೊಂದಕ್ಕೆ 'ಬ್ಯಾಟಲ್'. ನಾನು ಜಂಬದಿಂದ, "ಒಂದೇ ಟ್ಯೂನ್‌ಗೆ ಡ್ರಮ್ ಸೇರಿಸಿ ಎರಡು ಸಲ ಮಾರಿದ್ದಾರೆ" ಅಂತ ಹೇಳಿ ಹತ್ತಕ್ಕೆ ಐದು ಕೊಟ್ಟೆ. ಕೆಳಗೆ ಒಬ್ಬ ಹುಡುಗ ಬರೆದ: "ಅಣ್ಣಾ, ಗೇಮ್ ಆಡಿದ್ದೀರಾ?"

ಆಡಿರಲಿಲ್ಲ. ಸೇಲ್ ಬಂದಾಗ ನೂರು-ನೂರೈವತ್ತು ರೂಪಾಯಿ ಕೊಟ್ಟು ತಗೊಂಡು ಆಡಿದೆ. ಹಡಗು ಸುಮ್ನೆ ತೇಲುತ್ತಿರುವಾಗ ಎಕ್ಸ್‌ಪ್ಲೋರ್ ಬರುತ್ತದೆ. ಶತ್ರು ಹಡಗು ಎದುರಾದ ಕೂಡಲೇ ಅದು ತಗ್ಗಿ, ಬ್ಯಾಟಲ್ ಮೇಲೆ ಬರುತ್ತದೆ. ಹೊಸದಾಗಿ ಶುರುವಾಗುವುದಿಲ್ಲ. ಟ್ಯೂನ್ ಎಲ್ಲಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ನಾನು ಐದು ಅಂಕ ಕೊಟ್ಟದ್ದು ಬಟ್ಟೆಯ ಒಳಮೈ ಹೊರಮೈ ಬೇರೆ ಬೇರೆ ಮಾಡಿ ಅಳೆದ ಹಾಗಾಗಿತ್ತು. ಆ ವಿಡಿಯೋ ಇವತ್ತಿಗೂ ತೆಗೆದಿಲ್ಲ, ಇರಲಿ ಅಂತ ಬಿಟ್ಟಿದ್ದೇನೆ.

ನಾಚಿಕೆ ಜಾಸ್ತಿ ಆಗಲಿಕ್ಕೆ ಇನ್ನೊಂದು ಕಾರಣ ಇತ್ತು. ನಾನು ಕುಂದಾಪುರದ ಕಡೆಯವನು. ನಮ್ಮಲ್ಲಿ ಆಟ ಅಂದರೇ ಯಕ್ಷಗಾನ. ಭಾಗವತರ ಕಣ್ಣು ವೇಷದ ಮೇಲೇ ಇರುತ್ತದೆ. ಕುಣಿಯುವವನಿಗೆ ಇನ್ನೂ ದಮ್ಮಿದೆ ಅಂದರೆ ಪದ ಎಳೆಯುತ್ತಾರೆ, ಸುಸ್ತಾದ ಅಂದರೆ ಮುಕ್ತಾಯ ಮಾಡುತ್ತಾರೆ. ಚೆಂಡೆ ಯಾವಾಗ ಏರಬೇಕು ಅನ್ನುವುದು ರಂಗಸ್ಥಳದಲ್ಲೇ ತೀರ್ಮಾನ. ಕ್ಯಾಸೆಟ್‌ನಲ್ಲಿ ಕೇಳಿದ ಪದಕ್ಕೂ ರಂಗಸ್ಥಳದ ಪದಕ್ಕೂ ಎಷ್ಟು ಫರಕು ಅಂತ ಚಿಕ್ಕಂದಿನಿಂದ ಗೊತ್ತಿದ್ದವನು, ಗೇಮ್ ವಿಷಯಕ್ಕೆ ಬಂದಾಗ ಕ್ಯಾಸೆಟ್ ಕೇಳಿ ಆಟದ ವಿಮರ್ಶೆ ಬರೆದಿದ್ದೆ.

ನಡುವೆ ರಾಗದ ಹುಚ್ಚೂ ಹಿಡಿದಿತ್ತು. 1989ರ ಗೇಮ್‌ಬಾಯ್ 'ಟೆಟ್ರಿಸ್' ಟ್ಯೂನ್ ಗೊತ್ತಲ್ಲ, 'ಕೊರೊಬೈನಿಕಿ' ಅನ್ನುವ ರಷ್ಯದ ಜಾನಪದ ಹಾಡು. ಅದು ನಟಭೈರವಿ ಅಂತ ಒಂದು ವಿಡಿಯೋ ಮಾಡಿದೆ. ಕೀರವಾಣಿ ಅಂತ ಒಬ್ಬರು ತಿದ್ದಿದರು. ಮೊದಲ ಭಾಗದಲ್ಲಿ ನಟಭೈರವಿಯ ಕೈಶಿಕಿ ನಿಷಾದ (ತಗ್ಗಿನ 'ನಿ') ಇದೆ, ನಿಧಾನವಾಗುವ ಎರಡನೇ ಭಾಗದಲ್ಲಿ ಕೀರವಾಣಿಯ ಕಾಕಲಿ ನಿಷಾದ (ಎತ್ತರದ 'ನಿ') ಬರುತ್ತದೆ, ಹಾಗಾಗಿ ಇಬ್ಬರದ್ದೂ ಅರ್ಧರ್ಧ ಸರಿ. ನೂರರ ಮೇಲೆ ಕಾಮೆಂಟ್ ಬಂತು. ಎಲ್ಲ ನಿಷಾದದ ಜಗಳ. ಗೇಮ್ ಬಗ್ಗೆ ಒಬ್ಬರೂ ಕೇಳಲಿಲ್ಲ. ನನ್ನ ಅತಿ ಹೆಚ್ಚು ನೋಡಿದ ವಿಡಿಯೋ ಈಗಲೂ ಅದೇ, ನನ್ನ ಅತಿ ಕೆಟ್ಟ ವಿಮರ್ಶೆಯೂ ಅದೇ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಎರಡು ವರ್ಷದಲ್ಲಿ ಆಲ್ಬಮ್‌ಗೆ ಏಳೆಂಟು ಸಾವಿರ ಹೋಗಿರಬೇಕು. ಕಂತಿನಲ್ಲಿ ತಂದ ಹೆಡ್‌ಫೋನ್‌ಗೆ ಹನ್ನೊಂದು ಸಾವಿರ. ಅದರಲ್ಲಿ ಎಲ್ಲ ಸಂಗೀತವೂ ಚೆನ್ನಾಗಿಯೇ ಕೇಳುತ್ತಿತ್ತು, ವಿಮರ್ಶೆಗೆ ಅದು ದಂಡ. ಈಗ ಮುನ್ನೂರು ರೂಪಾಯಿಯ ಇಯರ್‌ಫೋನ್‌ನಲ್ಲೂ ಒಂದು ಸಲ ಆಡುತ್ತೇನೆ, ಯಾಕೆಂದರೆ ನೋಡುವವರ ಹತ್ತಿರ ಇರುವುದು ಅದೇ. ಮೊದಲ ವರ್ಷ ವಿಡಿಯೋಗಳಿಂದ ಬಂದ ಹಣ ಸುಮಾರು 1,900 ರೂಪಾಯಿ. ಅದರಲ್ಲೂ ಒಂದು ವಿಡಿಯೋದಲ್ಲಿ ಮೂರು ನಿಮಿಷ ಸಂಗೀತ ಹಾಗೇ ಹಾಕಿದ್ದಕ್ಕೆ ಹಕ್ಕು ನಮ್ಮದು ಅಂತ ನೋಟಿಸ್ ಬಂತು. ಅದರ ಕಾಸು ಅವರ ಜೇಬಿಗೆ. ಈಗ ಟ್ಯೂನ್ ತೋರಿಸಬೇಕಾದಲ್ಲಿ ಅಪ್ಪನ ಹಾರ್ಮೋನಿಯಂನಲ್ಲಿ ಒಂದು ಸಾಲು ನಾನೇ ನುಡಿಸುತ್ತೇನೆ. ಅಸಲಿ ಕ್ಲಿಪ್ ಹಾಕಲೇಬೇಕಾದಾಗ ಎಲ್ಲಿ ಕತ್ತರಿಸುತ್ತೇನೆ, ಎಷ್ಟು ಸೆಕೆಂಡ್ ಇಡುತ್ತೇನೆ ಅನ್ನುವುದನ್ನು ಮಾತ್ರ ಕೇಳಬೇಡಿ. ಅದಕ್ಕೆ ನಾಲ್ಕು ನೋಟಿಸ್‌ನ ಬೆಲೆ ಕೊಟ್ಟಿದ್ದೇನೆ.

ಇನ್ನು ಹೆಬ್ಬೆರಳಿನ ಕಥೆ. ಆಡುತ್ತಾ ಗುರುತು ಹಾಕಿಕೊಳ್ಳಬೇಕು ಅಂತ ಗೊತ್ತಾಯಿತು, ಹೇಗೆ ಅಂತ ಗೊತ್ತಾಗಲಿಲ್ಲ. ಪುಸ್ತಕ ಪೆನ್ನು ಇಟ್ಟುಕೊಂಡೆ, ಬರೆಯುವಷ್ಟರಲ್ಲಿ ಸಾಯುತ್ತಿದ್ದೆ. ಆಟವನ್ನು ನಡುವೆ ತಡೆದು ನಿಲ್ಲಿಸಿದರೆ ಎಷ್ಟೋ ಗೇಮ್‌ಗಳಲ್ಲಿ ಸಂಗೀತವೇ ತಗ್ಗುತ್ತದೆ, ಇಲ್ಲ ನಿಲ್ಲುತ್ತದೆ. ಆಮೇಲೆ ಅಕ್ಕನ ಮಗನನ್ನು ಪಕ್ಕದಲ್ಲಿ ಕೂರಿಸಿ ಒಂದು ಬಟ್ಟಲು ಹುಣಸೆ ಬೀಜ ಕೊಟ್ಟೆ. ನಾನು "ಹ್ಞಾಂ" ಅಂದಾಗ ಒಂದು ಬೀಜ ಆಚೆ ಇಡಬೇಕು. ಹತ್ತು ನಿಮಿಷ ಸರಿಯಾಗಿ ಮಾಡಿದ. ತಿರುಗಿ ನೋಡಿದರೆ ಅದೇ ಬೀಜದಲ್ಲಿ ತಂಗಿಯ ಜೊತೆ ಚೌಕಾಬಾರ ಆಡುತ್ತಿದ್ದಾನೆ.

ಕೊನೆಗೆ ನೆಲದ ಕೀಬೋರ್ಡ್. ಮೊದಲು ಸ್ಪೇಸ್ ಬಾರ್ ಇಟ್ಟುಕೊಂಡೆ, ದೊಡ್ಡದಿದೆ ಅಂತ. ಎರಡು ಕೀಬೋರ್ಡ್ ಇದ್ದರೂ ಗೇಮ್‌ಗೆ ಎರಡೂ ಒಂದೇ ಅಲ್ವಾ? ಸಂಗೀತ ಚೆನ್ನಾಗಿದೆ ಅಂತ ಒತ್ತಿದಾಗೆಲ್ಲ ಹೀರೋ ಹಾರಿ ಪ್ರಪಾತಕ್ಕೆ ಬೀಳುತ್ತಿದ್ದ. ಈಗ ಸ್ಕ್ರಾಲ್ ಲಾಕ್. ಹುಟ್ಟಿದಾಗಿನಿಂದ ಆ ಕೀ ಯಾವ ಕೆಲಸಕ್ಕೂ ಬಂದದ್ದನ್ನು ನಾನು ನೋಡಿರಲಿಲ್ಲ. ಒತ್ತಿದ ಹೊತ್ತನ್ನು ಒಂದು ಫೈಲ್‌ಗೆ ಬರೆಯುವ ಸಣ್ಣ ಸ್ಕ್ರಿಪ್ಟ್ ಇದೆ. ಆಟ ರೆಕಾರ್ಡ್ ಮಾಡುವ ಒಬಿಎಸ್ ಸಾಫ್ಟ್‌ವೇರ್‌ನಲ್ಲಿ ಗೇಮ್ ಸದ್ದು ಒಂದು ಟ್ರ್ಯಾಕ್, ನನ್ನ ಮೈಕ್ ಇನ್ನೊಂದು. ಉಳಿದದ್ದು ನಿಮಗೆ ಗೊತ್ತೇ ಇದೆ.

ಗುರುತುಗಳು ಏನು ಹೇಳಿದವು ಅಂದರೆ: 2018ರ 'ಸೆಲೆಸ್ಟ್'ನ ಒಂದು ಅಧ್ಯಾಯದಲ್ಲಿ ಇನ್ನೂರು ಸಲವಾದರೂ ಸತ್ತಿರಬೇಕು. ಎರಡು ಒತ್ತು ಒಂದೂ ಇರಲಿಲ್ಲ. ನಂಬದೆ ರೆಕಾರ್ಡಿಂಗ್ ಕೇಳಿದೆ. ಸತ್ತರೂ ಲೀನಾ ರೇನ್ ಅವರ ಸಂಗೀತ ಮೊದಲಿಗೆ ಹೋಗುವುದಿಲ್ಲ, ಅದರ ಪಾಡಿಗೆ ಅದು ಹರಿಯುತ್ತಲೇ ಇರುತ್ತದೆ. ಸೋತದ್ದನ್ನು ಸಂಗೀತ ಎತ್ತಿ ಆಡುವುದಿಲ್ಲ. ಇನ್ನೊಂದು ಗೇಮ್‌ನಲ್ಲಿ, ಹೆಸರು ಬೇಡ, ಸತ್ತಾಗೆಲ್ಲ ಅದೇ ಇಪ್ಪತ್ತು ಸೆಕೆಂಡಿನ ಕಹಳೆ ಮೊದಲಿಂದ. ಹನ್ನೊಂದನೇ ಸಲಕ್ಕೆ ಕಾಲು ತಾನಾಗಿಯೇ ಎರಡು ಒತ್ತಿತ್ತು. ಆಲ್ಬಮ್‌ನಲ್ಲಿ ಆ ಹಾಡಿಗೆ ನಾನು ಒಂಬತ್ತು ಅಂಕ ಕೊಟ್ಟಿದ್ದೆ.

ಹಾಗೇ ಒಂದು ದಿನ ಸುಮ್ನೆ 1985ರ 'ಸೂಪರ್ ಮಾರಿಯೋ' ಹಾಕಿ, ಮುಂದೆ ಹೋಗದೆ ನಿಂತಲ್ಲೇ ಹಾರುತ್ತಾ ಕೂತೆ. ಅದು ಓಡುವ ನಿಂಟೆಂಡೊ ಯಂತ್ರದ ಸದ್ದಿನ ಚಿಪ್‌ನಲ್ಲಿ ಇರುವುದು ಐದೇ ಚಾನೆಲ್, ಅಂದರೆ ಒಟ್ಟಿಗೆ ಐದೇ ದನಿ: ಟ್ಯೂನ್ ನುಡಿಸುವ ಎರಡು ಪಲ್ಸ್, ಒಂದು ಟ್ರಯಾಂಗಲ್, ಒಂದು ನಾಯ್ಸ್, ಒಂದು ಸ್ಯಾಂಪಲ್. ಹಾರುವ ಸದ್ದಿಗೆ ಬೇರೆ ಜಾಗವಿಲ್ಲ, ಒಂದು ಪಲ್ಸ್ ಚಾನೆಲನ್ನು ಸಂಗೀತದಿಂದ ಕಿತ್ತುಕೊಳ್ಳುತ್ತದೆ. ಬಿಡದೆ ಹಾರಿದರೆ ಒಂದು ದನಿ ತೂತು ತೂತಾಗಿ ಕೇಳುತ್ತದೆ. ಕೋಜಿ ಕೊಂಡೊ ಅವರ ಟ್ಯೂನ್ ಅಷ್ಟು ತೂತಾದರೂ ನಿಲ್ಲುತ್ತದೆ. ಅರ್ಧ ಗಂಟೆ ಹಾರಿದ್ದೇನೆ, ಇದರ ವಿಡಿಯೋ ಇನ್ನೂ ಮಾಡಿಲ್ಲ.

ಹೆಬ್ಬೆರಳು ಕೈಕೊಟ್ಟದ್ದು 'ಬ್ರೆತ್ ಆಫ್ ದಿ ವೈಲ್ಡ್'ನಲ್ಲಿ. ಗೆಳೆಯನ ನಿಂಟೆಂಡೊ ಸ್ವಿಚ್ ಗೇಮ್ ಯಂತ್ರ, ಅದರ ಆಟವನ್ನು ರೆಕಾರ್ಡ್ ಮಾಡಲಿಕ್ಕೆ ಸಾವಿರ ರೂಪಾಯಿ ಆಸುಪಾಸಿನ ಕ್ಯಾಪ್ಚರ್ ಕಾರ್ಡ್. ಬಯಲಲ್ಲಿ ನಡೆಯುವಾಗ ನಾಲ್ಕು ಹನಿ ಪಿಯಾನೋ, ಆಮೇಲೆ ಬರೀ ಗಾಳಿ. ಗಂಟೆಗೆ ಆರೇಳು ಗುರುತು, ಚೆನ್ನಾಗಿತ್ತು. ಆದರೆ ಗಾರ್ಡಿಯನ್ ಅನ್ನುವ ಶತ್ರು ಯಂತ್ರದ ಕಣ್ಣಿಗೆ ಬಿದ್ದಾಗ ಅದೇ ಪಿಯಾನೋ ಹುಚ್ಚೆದ್ದು ಓಡುತ್ತದಲ್ಲ, ಅಲ್ಲಿ ಒಂದೇ ಒಂದು ಗುರುತಿಲ್ಲ. ಜೀವ ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ಕಾಲು ಇದೆ ಅನ್ನುವುದೇ ಮರೆತುಹೋಗಿತ್ತು. ಸಂಗೀತ ಅತಿ ಹೆಚ್ಚು ಕೆಲಸ ಮಾಡಿದ ಜಾಗವೇ ನನ್ನ ಫೈಲ್‌ನಲ್ಲಿ ಖಾಲಿ.

ಆದರೆ ಆ ರೆಕಾರ್ಡಿಂಗ್‌ನ ಮೈಕ್ ಟ್ರ್ಯಾಕ್‌ನಲ್ಲಿ, ಒಗ್ಗರಣೆ ಸದ್ದಿನ ಹಿಂದೆ, ಅಡುಗೆಮನೆಯಿಂದ ಅಮ್ಮನ ದನಿ ಇತ್ತು: "ಎಂತದಾ ಅದು, ಯಾರೋ ಅಟ್ಟಿಸ್ಕಂಡ್ ಬಂದಂಗೆ!"

ಅಂದಿನಿಂದ ಅಡುಗೆಮನೆಯ ಬಾಗಿಲು ತೆರೆದಿಟ್ಟೇ ಆಡುತ್ತೇನೆ. ಅಮ್ಮ ಸ್ಕ್ರೀನ್ ನೋಡುವುದಿಲ್ಲ, ಕೈಗೆ ಬಿಡುವೂ ಇಲ್ಲ. ಆದರೂ ಗೆದ್ದೆನೋ ಸತ್ತೆನೋ ಅಂತ ಹತ್ತರಲ್ಲಿ ಏಳು ಸಲ ಸರಿ ಹೇಳುತ್ತಾಳೆ. ಹೆಬ್ಬೆರಳು ಸುಮ್ಮನಿದ್ದು ಅಮ್ಮ ಮಾತಾಡಿದ ಜಾಗಗಳನ್ನು ಈಗ ಬೇರೆ ಬಣ್ಣದಲ್ಲಿ ಗುರುತು ಮಾಡುತ್ತೇನೆ. ಈ ರೀತಿ ಮಾಡಿದ ಮೊದಲ ವಿಡಿಯೋದಿಂದ ಬಂದ ಹಣ, ಮೊದಲ ವರ್ಷದ ಒಟ್ಟು ಹಣಕ್ಕಿಂತ ಜಾಸ್ತಿ ಇತ್ತು.

ಈಗ ಕೈಯಲ್ಲಿರುವುದು 2010ರ 'ರೆಡ್ ಡೆಡ್ ರಿಡೆಂಪ್ಶನ್'. ಅದರ ಸಂಗೀತವನ್ನು ಎ ಮೈನರ್ ಅನ್ನುವ ಒಂದೇ ಸ್ವರಶ್ರೇಣಿಯಲ್ಲಿ, ನಿಮಿಷಕ್ಕೆ 130 ಬೀಟ್‌ನ ಒಂದೇ ವೇಗದಲ್ಲಿ ತುಂಡು ತುಂಡಾಗಿ ರೆಕಾರ್ಡ್ ಮಾಡಿದ್ದಾರೆ. ಯಾವ ತುಂಡಿನ ಮೇಲೆ ಯಾವುದನ್ನು ಇಟ್ಟರೂ ಕೂರುತ್ತದೆ. ನಾಲ್ಕು ಗಂಟೆ ಆಡಿದ್ದಕ್ಕೆ ನಲವತ್ತು ಗುರುತು ಬಿದ್ದಿದೆ, ಎರಡು ಒತ್ತು ಮೂರೇ. ಹೆಬ್ಬೆರಳಿಗೆ ಹಿಡಿಸಿದೆ. ಅಮ್ಮ ಮಾತ್ರ ನಿನ್ನೆ ಒಳಗಿಂದ, "ಇದ್ ಬ್ಯಾಡ, ಆ ಸುಮ್ನೆ ನಡ್ಕಂಡ್ ಹೋಪುದ್ ಹಾಕ್" ಅಂದಳು.