ಮನೆಯಂಗಳದಲ್ಲಿ ಕಾರಿನ ಎಂಜಿನ್ ಬದಲಾಯಿಸಿದ ಅನುಭವ

ನನ್ನ ಸಣ್ಣ ಕಾರಿನ ಎಂಜಿನ್ ಪೂರ್ತಿ ಕೈಕೊಟ್ಟಿರಲಿಲ್ಲ. ಆದರೆ ಏರು ಹತ್ತುವಾಗ ನೀಲಿ ಹೊಗೆ ಉಗುಳುತ್ತಿತ್ತು ಮತ್ತು ಸಾವಿರ ಕಿಲೋಮೀಟರಿಗೆ ಒಂದು ಲೀಟರಿನಷ್ಟು ಆಯಿಲ್ ಕುಡಿಯುತ್ತಿತ್ತು. ಕಂಪ್ರೆಷನ್ ಗೇಜ್ ಹಾಕಿ ನೋಡಿದಾಗ ಎರಡು ಸಿಲಿಂಡರುಗಳಲ್ಲಿ 12 ಬಾರ್ ಒತ್ತಡವಿತ್ತು, ಉಳಿದೆರಡರಲ್ಲಿ ಮುಳ್ಳು 6ನ್ನೂ ಮುಟ್ಟಲಿಲ್ಲ. ಆ ಎರಡರೊಳಗೆ ಒಂದೊಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆದಾಗ ಒತ್ತಡ ಏರಿದ್ದರಿಂದ, ಸವೆದಿರುವುದು ವಾಲ್ವುಗಳಲ್ಲ, ಪಿಸ್ಟನ್ನಿನ ಸುತ್ತಲಿನ ಸಂದು ಮುಚ್ಚುವ ರಿಂಗುಗಳು ಎಂದು ತಿಳಿಯಿತು. ಅದೇ ಮಾದರಿಯ, ಸುಸ್ಥಿತಿಯಲ್ಲಿರುವ ಹಳೆಯ ಎಂಜಿನ್ ತಂದು ಕೂರಿಸಲು ತೀರ್ಮಾನಿಸಿದೆ; ಅದರ ಕಂಪ್ರೆಷನ್ನನ್ನೂ ಅಳೆದೇ ತಂದೆ.

ಬಿಚ್ಚುವುದು ಕಷ್ಟದ ಕೆಲಸವಲ್ಲ, ತಾಳ್ಮೆಯ ಕೆಲಸ. ಫ್ಯುಯೆಲ್ ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಪೈಪಿನಲ್ಲಿದ್ದ ಪೆಟ್ರೋಲಿನ ಒತ್ತಡ ಇಳಿಸಿದೆ. ಬಳಿಕ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ಎಂಜಿನ್ ತಣ್ಣಗಾದ ಮೇಲೆ ಕೂಲೆಂಟ್ ಮತ್ತು ಆಯಿಲ್ ಇಳಿಸಿದೆ. ಎಸಿ ಕಂಪ್ರೆಸರಿನ ಪೈಪುಗಳನ್ನು ಬಿಚ್ಚದೆ, ಕಂಪ್ರೆಸರನ್ನೇ ಎಂಜಿನ್ನಿನಿಂದ ಬೇರ್ಪಡಿಸಿ ಪಕ್ಕಕ್ಕೆ ಕಟ್ಟಿದ್ದರಿಂದ ಗ್ಯಾಸ್ ಹೋಗಲಿಲ್ಲ. ಗೇರ್‌ಬಾಕ್ಸಿನ ಕೆಳಗೆ ಜಾಕ್ ಕೊಟ್ಟು, ಸುಮಾರು 80 ಕಿಲೋ ತೂಗುವ ಎಂಜಿನ್ನನ್ನು ಬಾಡಿಗೆಗೆ ತಂದ ಕ್ರೇನಿನಿಂದ ಮೇಲಕ್ಕೆತ್ತಿದೆವು. ಮನೆಯ ತೊಲೆಗೇ ಸರಪಳಿ ಹಾಕೋಣವೆಂದ ಗೆಳೆಯನ ಮಾತಿಗೆ ನಾನು ಒಪ್ಪಲಿಲ್ಲ; ಆ ತೊಲೆ ಎಷ್ಟು ಭಾರ ತಾಳುತ್ತದೆಂಬುದು ಇಬ್ಬರಿಗೂ ತಿಳಿದಿರಲಿಲ್ಲ.

ಹೊಸದಾಗಿ ತಂದ ಎಂಜಿನ್ ಇನ್ನೂ ನೆಲದ ಮೇಲಿದ್ದಾಗಲೇ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಫ್ಲೈವೀಲಿನ ಹಿಂದಿನ ಆಯಿಲ್ ಸೀಲ್ ಮತ್ತು ಕ್ಲಚ್ ಪ್ಲೇಟ್ ಬದಲಾಯಿಸಿದೆ. ಆ ಸೀಲ್ ಚಿಕ್ಕದಾದರೂ, ಮುಂದೆ ಸೋರತೊಡಗಿದರೆ ಅದನ್ನು ತಲುಪಲು ಎಂಜಿನ್ನನ್ನಾಗಲಿ ಗೇರ್‌ಬಾಕ್ಸನ್ನಾಗಲಿ ಮತ್ತೆ ಇಳಿಸಲೇಬೇಕು.

ನಾನು ಎಡವಿದ್ದು ಕ್ಲಚ್ ಪ್ಲೇಟಿನಲ್ಲಿ. ಅದನ್ನು ಕಣ್ಣಂದಾಜಿನಲ್ಲಿ ನಡುವಿಗೆ ಕೂರಿಸಿ ಪ್ರೆಶರ್ ಪ್ಲೇಟ್ ಬಿಗಿದಿದ್ದೆ. ಎಂಜಿನ್ ಕೆಳಗಿಳಿದು ಗೇರ್‌ಬಾಕ್ಸಿನತ್ತ ಸರಿಯಿತು, ಆದರೆ ಗೇರ್‌ಬಾಕ್ಸಿನ ಶಾಫ್ಟ್ ಪ್ಲೇಟಿನ ನಡುವಿನ ರಂಧ್ರದೊಳಗೆ ಹೋಗದೆ, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಬೆರಳು ತೂರುವಷ್ಟು ಸಂದು ಉಳಿದು, ಎಷ್ಟು ಅಲುಗಿಸಿದರೂ ಮುಚ್ಚಲಿಲ್ಲ. ಉದ್ದನೆಯ ಬೋಲ್ಟ್ ಹಾಕಿ ಎಳೆದುಬಿಡುವ ಆಸೆಯೇನೋ ಹುಟ್ಟಿತು. ಹಾಗೆ ಎಳೆದರೆ ಗೇರ್‌ಬಾಕ್ಸಿನಲ್ಲಿ ಬೋಲ್ಟ್ ಕೂರುವ ಅಲ್ಯೂಮಿನಿಯಂ ಕಿವಿ ಸೀಳುತ್ತದೆ ಅಥವಾ ಪ್ಲೇಟಿನ ನಡುಭಾಗ ಸೊಟ್ಟಗಾಗುತ್ತದೆ. ಎಂಜಿನ್ನನ್ನು ಮತ್ತೆ ಎತ್ತಿ, ಒಂದು ಮರದ ಗೂಟಕ್ಕೆ ಟೇಪ್ ಸುತ್ತಿ ಪ್ಲೇಟಿನ ರಂಧ್ರಕ್ಕೂ ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕಿನ ತುದಿಯ ಕುಳಿಗೂ ಸರಿಹೊಂದುವ ದಪ್ಪಕ್ಕೆ ತಂದು, ಅದರ ಆಧಾರದಲ್ಲಿ ಪ್ಲೇಟನ್ನು ನಡುವಿಗೆ ನಿಲ್ಲಿಸಿದೆ. ಎರಡನೆಯ ಸಲ ಗೆಳೆಯ ಕ್ರ್ಯಾಂಕ್ ಪುಲ್ಲಿಯನ್ನು ಸ್ಪ್ಯಾನರಿನಿಂದ ಕೂದಲೆಳೆಯಷ್ಟು ತಿರುಗಿಸಿದ ಕೂಡಲೇ ಶಾಫ್ಟಿನ ಮತ್ತು ಪ್ಲೇಟಿನ ಹಲ್ಲುಗಳು ಒಂದಕ್ಕೊಂದು ಸೇರಿ, ಎಂಜಿನ್ ತಾನಾಗಿ ಜಾರಿ ಕೂತಿತು. ಉಳಿದ ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಕೈಪಿಡಿಯಲ್ಲಿದ್ದ ಅಳತೆಗೆ ಬಿಗಿದೆ.

ಆಯಿಲ್ ತುಂಬಿ, ಸ್ಪಾರ್ಕ್ ಪ್ಲಗ್ ಹಾಕದೆ, ಪೆಟ್ರೋಲ್ ಹರಿಸದೆ ಸ್ಟಾರ್ಟರ್ ತಿರುಗಿಸಿ, ಆಯಿಲ್ ಒತ್ತಡದ ದೀಪ ಆರುವವರೆಗೆ ಕಾಯುವುದು ನನ್ನ ಯೋಜನೆಯಾಗಿತ್ತು. ಕೀಲಿ ತಿರುಗಿಸಿದರೆ ಸ್ಟಾರ್ಟರ್ ನರಳಿತು, ಕೈಗೆ ತಾಗಿದ ಆಕ್ಸಿಲರೇಟರ್ ಕೇಬಲ್ ಬಿಸಿಯಾಗಿತ್ತು. ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ತ್ ಪಟ್ಟಿಯನ್ನು ಜೋಡಿಸಲು ಮರೆತಿದ್ದರಿಂದ ಸ್ಟಾರ್ಟರಿನ ಕರೆಂಟೆಲ್ಲ ಆ ಸಣ್ಣ ಕೇಬಲಿನ ಮೂಲಕ ಹರಿಯುತ್ತಿತ್ತು. ಪಟ್ಟಿ ಹಾಕಿದ ಮೇಲೆ ದೀಪ ಆರಿತು. ಪ್ಲಗ್ ಕೂರಿಸಿ ಮತ್ತೆ ಕೀಲಿ ತಿರುಗಿಸಿದಾಗ ಎಂಜಿನ್ ಮೂರನೆಯ ಯತ್ನಕ್ಕೆ ಹೊತ್ತಿಕೊಂಡಿತು.

ಹೀಟರ್ ತೆರೆದಿಟ್ಟು ಕೂಲೆಂಟಿನಲ್ಲಿದ್ದ ಗಾಳಿಯನ್ನು ಹೊರಹಾಕಿ, ಒಂದು ಹೋಸ್ ಕ್ಲಿಪ್ಪಿನಲ್ಲಿ ಹನಿಯುತ್ತಿದ್ದುದನ್ನು ಬಿಗಿದೆ. ನೋಂದಣಿ ದಾಖಲೆಯಲ್ಲಿ ಎಂಜಿನ್ ಸಂಖ್ಯೆಯನ್ನು ತಿದ್ದಿಸಿದೆ. 500 ಕಿಲೋಮೀಟರು ಓಡಿದ ನಂತರ ಆಯಿಲ್ ಮತ್ತು ಫಿಲ್ಟರ್ ಮತ್ತೊಮ್ಮೆ ಬದಲಾಯಿಸುವ ಮುನ್ನ ಕಡ್ಡಿ ಎಳೆದು ನೋಡಿದರೆ, ಆಯಿಲ್ ತುಂಬಿದ ಗೆರೆಯಲ್ಲೇ ನಿಂತಿತ್ತು.